ಬೇಸಿಗೆ ಕ್ಲಾಸಿನ ಮುಯ್ಯಾಳುಗಳು

ಕೆಲವರಿಗೆ ಹೋದಲ್ಲೆಲ್ಲ ಹಾರ ಹಾಕುತ್ತಾರೆ, ಕೆಲವರಿಗೆ ಹೋದಲ್ಲೆಲ್ಲ ನೆಗಡಿ ಹಿಡಿಯುತ್ತದೆ. ನನಗೆ ಹೋದಲ್ಲೆಲ್ಲ ಒಂದು ಫಜೀತಿ ಕಾದಿರುತ್ತದೆ. ನಾನಾಗಿ ಹುಡುಕಿಕೊಂಡು ಹೋದದ್ದು ಒಂದೂ ಇಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ಕೊಪ್ಪದಲ್ಲಿದ್ದ ಒಂದು ಬೇಸಿಗೆಯಲ್ಲಂತೂ ಒಂದರ ಬೆನ್ನಿಗೆ ಒಂದು ಬಂದವು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕಡೂರು ಕಡೆಯ ಬಯಲುಸೀಮೆಯವಳು. ಕೊಪ್ಪದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ತಾತ್ಕಾಲಿಕ ಅಧ್ಯಾಪಕಿ. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಸಾಹೇಬರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ನಾನೂ ಅಮ್ಮನೂ ಬಾಡಿಗೆಗಿದ್ದೆವು. ತಾತ್ಕಾಲಿಕ ಅಂದರೆ, ಪರೀಕ್ಷೆ ಮುಗಿದ ದಿನ ನಮ್ಮ ಕೆಲಸವೂ ಮುಗಿಯುತ್ತಿತ್ತು. ಮಳೆಗಾಲದಲ್ಲಿ ಕಾಲೇಜು ಮತ್ತೆ ಬಾಗಿಲು ತೆರೆದಾಗ ಹೊಸ ಆರ್ಡರು ಕೊಡುತ್ತಿದ್ದರು. ಹೀಗೆ ಎಷ್ಟು ವರ್ಷ ದುಡಿದರೂ ನಾವು ಹೊಸಬರೇ.

ಇದರಿಂದ ಪಾರಾಗಲು ವಿಶ್ವವಿದ್ಯಾಲಯ ಒಂದು ಸಣ್ಣ ಸಂದು ಬಿಟ್ಟಿತ್ತು. ಡಿಗ್ರಿ ಪರೀಕ್ಷೆಯಲ್ಲಿ ಇಂಗ್ಲಿಷ್ ಫೇಲಾದವರಿಗೆ ಬೇಸಿಗೆಯಲ್ಲಿ ಕ್ಲಾಸು ನಡೆಸಬಹುದು. ಆ ಕ್ಲಾಸು ತೆಗೆದುಕೊಂಡ ತಾತ್ಕಾಲಿಕರ ಸೇವೆ ನಡುವೆ ಮುರಿಯುವುದಿಲ್ಲ. ಸೇವೆ ಮುರಿಯದೆ ಬಂದವರನ್ನು ಖಾಯಂ ಮಾಡುತ್ತಾರೆ. ಹಿಂದಿನ ಬೇಸಿಗೆಗಳನ್ನು ಬೇರೆ ಊರಿನ ಕಾಲೇಜಿನಲ್ಲಿದ್ದು ಹೇಗೋ ದಾಟಿಕೊಂಡಿದ್ದೆ. ಆ ವರ್ಷವೂ ದಾಟಿದರೆ ನಾನು ಖಾಯಂ. ದಾಟದಿದ್ದರೆ ಅಮ್ಮನನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗಬೇಕು. ಅತ್ತಿಗೆ ಒಳ್ಳೆಯವಳು. ಆದರೆ ಅವಳು ಒಳ್ಳೆಯವಳು ಎಂಬುದನ್ನು ನಾವು ದಿನಾ ನೆನಪಿಟ್ಟುಕೊಳ್ಳಬೇಕಾಗುತ್ತಿತ್ತು.

ಆ ಸಂದಿಗೆ ಅಡ್ಡಗೋಡೆಗಳೂ ಇದ್ದವು. ಕ್ಲಾಸು ಬೇಕೇ ಎಂದು ಮೊದಲು ಖಾಯಂ ಅಧ್ಯಾಪಕರನ್ನು ಕೇಳಬೇಕು, ಅವರು ಬೇಡವೆಂದರೆ ಮಾತ್ರ ನಮಗೆ. ಬೆಂಚಿನ ಮೇಲೆ ಹನ್ನೆರಡು ಜನ ಇರಲೇಬೇಕು. ಕ್ಲಾಸು ಮುಗಿಯುವ ತನಕ ನಾವು ಬೇರೆ ಯಾವ ಕೆಲಸವನ್ನೂ ಮಾಡಕೂಡದು. ಯಾವತ್ತೋ ಒಂದು ದಿನ ವಿಶ್ವವಿದ್ಯಾಲಯದ ಅಧಿಕಾರಿ ಬಂದು ನೋಡುತ್ತಾರೆ, ಹನ್ನೆರಡಕ್ಕೆ ಕಡಿಮೆ ಕಂಡರೆ ಕ್ಲಾಸು ಅವತ್ತೇ ಬಂದ್. ಈ ನಿಯಮಗಳನ್ನು ಮಾಡಿದವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಾಲಿಟ್ಟವರಲ್ಲ ಅನ್ನುವುದು ಒಂದೊಂದಾಗಿ ಗೊತ್ತಾಗುತ್ತಾ ಹೋಯಿತು.

ಹೋಳಿಗೆ ಮತ್ತು ಕ್ಲಾಸು

ನಮ್ಮ ವಿಭಾಗದಲ್ಲಿ ಖಾಯಂ ಆಗಿದ್ದವರು ಹಿರಿಯ ಮೇಷ್ಟ್ರು ಒಬ್ಬರೇ. ಸೀತೂರಿನಲ್ಲಿ ಅವರ ಗದ್ದೆ ಇತ್ತು. ಬೇಸಿಗೆ ಬಂದ ಕೂಡಲೇ ಪಂಚೆ ಎತ್ತಿ ಕಟ್ಟಿ ಅಲ್ಲಿಗೆ ಹೊರಡುವವರು. ಬೇಸಿಗೆ ಕ್ಲಾಸು ಅವರಿಗೆ ಬೇಕಿರಲಿಲ್ಲ. ನನಗೆ ಅದು ಬೇಕೇಬೇಕು ಅನ್ನುವುದೂ ಅವರಿಗೆ ಗೊತ್ತಿತ್ತು. ತೊಂದರೆ ಇದ್ದದ್ದು ಒಂದೇ. ಆ ಸೀಮೆಯಲ್ಲಿ ಮುಖಕ್ಕೆ ಮುಖ ಕೊಟ್ಟು ‘ಬೇಡ’ ಅನ್ನುವ ಪದ್ಧತಿಯೇ ಇಲ್ಲ.

ಪ್ರಿನ್ಸಿಪಾಲರು ಅವರನ್ನು ಕರೆಸಿ ಕೇಳಿದರು, “ಬೇಸಿಗೆ ಕ್ಲಾಸು ತಗೊಳ್ತೀರಾ?”

“ನೋಡುವ,” ಅಂದರು ಮೇಷ್ಟ್ರು.

ವಾರ ಬಿಟ್ಟು ಮತ್ತೆ ಕೇಳಿದರು. “ಮಾಡಿದ್ರಾಯ್ತು, ಅದಕ್ಕೆಂತ,” ಅಂದರು. ಅದರ ಅರ್ಥ ಪ್ರಿನ್ಸಿಪಾಲರಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು, ಕಾಲೇಜಿನ ಗಂಟೆ ಹೊಡೆಯುವವನಿಗೂ ಗೊತ್ತು. ಆದರೆ ವಿಶ್ವವಿದ್ಯಾಲಯಕ್ಕೆ ‘ಬೇಡ’ ಅನ್ನುವ ಮಾತೇ ಬೇಕು. ಬಿಡಿಸಿ ಹೇಳಿ ಎಂದು ಒತ್ತಾಯ ಮಾಡುವುದೂ ಅಲ್ಲಿ ಮರ್ಯಾದೆಯಲ್ಲ. ಇಬ್ಬರು ಸಂಭಾವಿತರ ನಡುವೆ ನನ್ನ ಕೆಲಸ ನೇತಾಡುತ್ತಿತ್ತು. ಮೇಷ್ಟ್ರನ್ನು ನಾನೇ ಹೋಗಿ ಕೇಳಿದೆ. “ನಿನಗೇ ಸಿಗಲಿ ಅಂತ ಉಂಟು ಮಾರಾಯ್ತಿ. ಆದರೆ ಅವರು ಅಷ್ಟು ಕರೆದು ಕೇಳುವಾಗ ಬೇಡ ಅಂತ ಹೇಗೆ ಹೇಳೋದು?” ಎಂದು ನನ್ನನ್ನೇ ಕೇಳಿದರು.

ಅಷ್ಟರಲ್ಲಿ ಪ್ರಿನ್ಸಿಪಾಲರ ಅಣ್ಣನ ಮನೆಯಲ್ಲಿ ಒಂದು ಉಪನಯನ ಬಂತು. ಕಾಲೇಜಿನವರೆಲ್ಲ ಊಟಕ್ಕೆ ಕೂತಿದ್ದೆವು. ಹೋಳಿಗೆ ಬರುವ ಹೊತ್ತಿಗೆ ಪ್ರಿನ್ಸಿಪಾಲರು ಸೊಂಟಕ್ಕೆ ಟವೆಲು ಸುತ್ತಿಕೊಂಡು, ಬಡಿಸುವವರ ಕೈಯಿಂದ ಬುಟ್ಟಿ ತೆಗೆದುಕೊಂಡು ಸೀದಾ ಮೇಷ್ಟ್ರ ಎಲೆಯ ಮುಂದೆ ನಿಂತರು. ಆ ಊರಿನವರ ಬಾಯಲ್ಲಿ ‘ಬೇಡ’ ಬರುವ ಜಾಗ ಅದೊಂದೇ ಎಂದು ಅವರಿಗೆ ತಡವಾಗಿ ಹೊಳೆದಿತ್ತು.

“ಹೋಳಿಗೆ?”

“ಬೇಡ, ಬೇಡ.” ಮೇಷ್ಟ್ರು ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿದರು.

“ಬೇಸಿಗೆ ಕ್ಲಾಸು?”

“ಅದೂ ಬೇಡ ಮಾರಾಯ್ರೆ. ಹೋಳಿಗೆಯೂ ಬೇಡ, ಕ್ಲಾಸೂ ಬೇಡ.”

ಪ್ರಿನ್ಸಿಪಾಲರು ಪಂಕ್ತಿಯ ಕಡೆ ತಿರುಗಿ, “ಎಲ್ಲರೂ ಕೇಳಿಸ್ಕೊಂಡ್ರಲ್ಲ?” ಅಂದರು. ಆಮೇಲೆ ಮೇಷ್ಟ್ರ ಕೈ ಸರಿಸಿ ಎಲೆಗೆ ಎರಡು ಹೋಳಿಗೆ ಹಾಕಿದರು. “ಕ್ಲಾಸು ಬೇಡ ಅಂದ್ರಿ, ಬಿಟ್ಟೆ. ಹೋಳಿಗೆ ಬೇಡ ಅಂದ್ರೆ ಬಿಡೋ ಜನ ನಾವಲ್ಲ.”

ಬಂದ ವಿಷಯ

ಕ್ಲಾಸೇನೋ ಸಿಕ್ಕಿತು, ಹನ್ನೆರಡು ಜನ ಫೇಲಾದವರು ಬೇಕಲ್ಲ. ಫೇಲಾದವರು ಇರಲಿಲ್ಲ ಅಂತಲ್ಲ, ಬೇಕಾದಷ್ಟಿದ್ದರು. ನನ್ನ ಪಾಠದ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು. ಆದರೆ ಬೇಸಿಗೆಯಲ್ಲಿ ಮತ್ತೆ ಬೆಂಚಿನ ಮೇಲೆ ಕೂರಲು ಒಪ್ಪುವವರು ಬೇಕಿತ್ತು. ಅಲ್ಲಿ ಇಲ್ಲಿ ಹೇಳಿಸಿ ಹನ್ನೊಂದು ಜನ ಆದರು. ಹನ್ನೆರಡನೆಯವನು ಸಿರಿಮನೆ ಎಂಬ ಊರಿನಲ್ಲಿ ಇದ್ದಾನೆ ಎಂದು ಆಫೀಸಿನ ಗುಮಾಸ್ತರು ಪತ್ತೆ ಕೊಟ್ಟರು.

ಶೃಂಗೇರಿಗೆ ಹೋಗಿ, ಅಲ್ಲಿಂದ ಕಿಗ್ಗದ ಬಸ್ಸು ಹತ್ತಿ ಇಳಿದು, ಕೇಳಿಕೊಂಡು ನಡೆದೆ. ಒಂದು ಮನೆಯ ಅಂಗಳದಲ್ಲಿ ಯಜಮಾನರು ಹಗ್ಗ ಹೊಸೆಯುತ್ತಿದ್ದರು. ನಲವತ್ತರ ಸಮೀಪದ ದಪ್ಪ ಮೀಸೆಯ ಮನುಷ್ಯ. ನನ್ನನ್ನು ಕಂಡದ್ದೇ ಎದ್ದು, “ಬನ್ನಿ, ಬನ್ನಿ, ಬಿಸಿಲಲ್ಲಿ ಬಂದ್ರಿ,” ಎಂದು ಒಳಗೆ ಕರೆದರು. ಬೆಲ್ಲ ನೀರು ಬಂತು. ಅವರ ಹೆಂಡತಿ ಬಂದು ಕೂತು ನಮ್ಮ ಊರು, ಅಮ್ಮನ ಆರೋಗ್ಯ, ಕಡೂರಿನ ಬಿಸಿಲು ಎಲ್ಲ ವಿಚಾರಿಸಿದರು. ಯಾಕೆ ಬಂದಿರಿ ಎಂದು ಮಾತ್ರ ಕೇಳಲಿಲ್ಲ.

ನಮ್ಮ ಕಡೆ ಬಾಗಿಲಲ್ಲೇ “ಏನ್ ಬಂದ್ರಿ?” ಅನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆಮೇಲೆ ಒಳಗೆ ಕರೆಯುತ್ತಾರೆ. ಇಲ್ಲಿ ಬಂದವರನ್ನು ಬಂದ ವಿಷಯ ಕೇಳಿದರೆ ಬೇಗ ಎದ್ದು ಹೋಗಿ ಅಂದ ಹಾಗೆ. ಅದು ನನಗೆ ಗೊತ್ತಿರಲಿಲ್ಲ. ಕೇಳಲಿ, ಹೇಳುತ್ತೇನೆ ಎಂದು ನಾನು ಕಾದೆ. ಬೇಕಾದಾಗ ಹೇಳಲಿ ಎಂದು ಅವರು ಕಾದರು. ಊಟ ಆಯಿತು. ಕಾಫಿ ಆಯಿತು. ಹಲಸಿನ ಹಣ್ಣು ಬಿಡಿಸಿದರು. ಕೊನೆಯ ಬಸ್ಸು ಹೋಯಿತು. “ನಾಳೆ ಹೋದ್ರಾಯ್ತು,” ಎಂದು ಹಾಸಿಗೆ ಹಾಸಿಕೊಟ್ಟರು. ಬೆಳಿಗ್ಗೆ ಕಡುಬು ಮಾಡಿದರು. ನಾನಾಗಿ ಶುರು ಮಾಡೋಣವೆಂದು ಬಾಯಿ ತೆರೆದಾಗಲೆಲ್ಲ ಆ ಯಜಮಾನಿತಿ ಅದರೊಳಗೆ ಏನಾದರೂ ಹಾಕುತ್ತಿದ್ದರು.

ಬಸ್ಸು ನಿಲ್ಲುವ ತಿರುವಿನ ತನಕ ಯಜಮಾನರು ಕಳಿಸಲು ಬಂದರು. ಇನ್ನು ತಡೆಯಲಾರದೆ ಹೇಳಿದೆ, “ನಿಮ್ಮ ಮಗನನ್ನು ಇಂಗ್ಲಿಷ್ ಕ್ಲಾಸಿಗೆ ಕಳಿಸಬೇಕು. ಅದನ್ನು ಹೇಳಲಿಕ್ಕೇ ಬಂದೆ.”

ಅವರು ಗುಡ್ಡದ ಕಡೆ ಕೈ ತೋರಿಸಿದರು. “ನಂಗೆ ಇಬ್ಬರೂ ಹೆಣ್ಣು ಕೂಸು. ಶಾಲೆಗೆ ಹೋಗ್ತವೆ. ನೀವು ಹೇಳೋ ಮಾಣಿ ಆ ಗುಡ್ಡದ ಆಚೆ ಮನೆಯವ. ಅವ ಮೊನ್ನೆಯೇ ಘಟ್ಟದ ಕೆಳಗೆ ಹೋಟ್ಲಿಗೆ ಸೇರ್ಕೊಂಡ.”

ನನ್ನ ಮುಖ ಹೇಗಾಯಿತೋ, ನೋಡಿದವರು ಅವರು. ಹನ್ನೆರಡು ಜನ ಆಗದಿದ್ದರೆ ಕ್ಲಾಸೂ ಇಲ್ಲ, ನನ್ನ ಕೆಲಸವೂ ಇಲ್ಲ ಎಂದು ಅಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಬಸ್ಸಿನ ಸದ್ದು ಕೇಳಿತು. ಅವರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು.

“ಅಷ್ಟೇ ಆದ್ರೆ ನಾನೇ ಬತ್ತೆ. ಡಿಗ್ರೀಲಿ ಇಂಗ್ಲಿಷ್ ಒಂದು ಹೋಗಿತ್ತು, ಮದುವೆಗಿಂತ ಮುಂಚೆ.”

“ಅಯ್ಯೋ, ನಿನ್ನೆಯೇ ಹೇಳಬಾರದಿತ್ತೇ?” ಅಂದೆ.

“ನೀವು ಕೇಳ್ಲಿಲ್ಲ,” ಅಂದರು ಅವರು.

ಲೇಟು

ಕೆರೆಕಟ್ಟೆಯಿಂದ ಒಬ್ಬ ಹುಡುಗ ಬರುತ್ತಿದ್ದ. ಅವರ ಊರಿಗೆ ಬಸ್ಸೇ ಅಪರೂಪ. ಮೊದಲ ದಿನ ನಾನು ಬೋರ್ಡು ಒರೆಸಿ ಕೈ ಕೊಡವಿಕೊಳ್ಳುವ ಹೊತ್ತಿಗೆ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ.

ನಮ್ಮ ಗುಮಾಸ್ತರು ನಿಯಮದ ಮನುಷ್ಯ. ತಡವಾಗಿ ಬಂದವರನ್ನು ಹಾಜರಿಗೆ ಹಿಡಿಯುವಂತಿಲ್ಲ ಅಂದರು. ಅವನನ್ನು ಬಿಟ್ಟರೆ ಹನ್ನೆರಡಕ್ಕೆ ಒಂದು ಕಡಿಮೆ. ಪಂಚಾಯಿತಿ ಪ್ರಿನ್ಸಿಪಾಲರ ತನಕ ಹೋಯಿತು.

ಅವರು ಹುಡುಗನನ್ನು ಕೇಳಿದರು, “ರಾತ್ರಿ ಎಲ್ಲಿರ್ತೀಯ?”

“ಪಾತ್ರೆ ಸಾಹೇಬ್ರು ಗೋಡೌನಲ್ಲಿ ಮಲಕ್ಕೋ ಅಂದಿದಾರೆ ಸಾರ್. ಶನಿವಾರ ಊರಿಗೆ ಹೋಗ್ತೆ.”

ಪ್ರಿನ್ಸಿಪಾಲರು ಗುಮಾಸ್ತರ ಕಡೆ ತಿರುಗಿದರು. “ಇವ ಲೇಟು ಅಂತ ಯಾಕೆ ಅಂತೀರಿ? ನಾಳೆ ಕ್ಲಾಸಿಗೆ ಎಲ್ಲರಿಗಿಂತ ಮೊದಲು ಬಂದವ ಇವನೇ.”

ಬೇರೆ ಕೆಲಸ

ಸಾಹೇಬರ ಹೆಂಡತಿಯನ್ನು ನಾನು ಚಾಚಿ ಅಂತ ಕರೆಯುತ್ತಿದ್ದೆ. ನಮ್ಮ ಅಮ್ಮನಿಗೆ ಸಿಟ್ಟು ಬಂದರೆ ಸಮಾಧಾನ ಮಾಡಲು ಗೊತ್ತಿದ್ದ ಒಬ್ಬರೇ ಹೆಂಗಸು. ಬೇಸಿಗೆಯಲ್ಲಿ ಅವರ ಅಂಗಳದ ತುಂಬ ಹಲಸಿನಕಾಯಿ ಹಪ್ಪಳ. ಕ್ಲಾಸು ಮುಗಿಸಿ ಬಂದು ನಾನೂ ಮಣೆಯ ಮುಂದೆ ಕೂರುತ್ತಿದ್ದೆ. ಚಾಚಿ ಹಿಟ್ಟಿನ ಉಂಡೆ ಕೊಡುವುದು, ನಾನು ಒತ್ತುವುದು, ಅಮ್ಮ ಕಾಗೆ ಓಡಿಸುವುದು.

ಒಂದು ದಿನ ಗುಮಾಸ್ತರು ದಾರಿಯಲ್ಲಿ ಹೋಗುತ್ತಿದ್ದವರು ಬೇಲಿಯ ಹತ್ತಿರ ನಿಂತುಬಿಟ್ಟರು. ಸಾಲುಸಾಲಾಗಿ ಒಣಗಿದ ಹಪ್ಪಳ ನೋಡಿ ಹುಬ್ಬು ಗಂಟಿಕ್ಕಿದರು.

“ಮೇಡಂ, ತಪ್ಪು ತಿಳ್ಕೊಬೇಡಿ. ಬೇಸಿಗೆ ಕ್ಲಾಸು ತಗೊಂಡವರು ಬೇರೆ ಕೆಲಸ ಮಾಡೋ ಹಾಗಿಲ್ಲ ಅಂತ ನಿಯಮ ಉಂಟು. ನಾಳೆ ಯಾರಾದ್ರೂ ಮೇಲಕ್ಕೆ ಹೇಳಿದ್ರೆ ನಿಮಗೇ ತೊಂದರೆ.”

ಅವರಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. ನನ್ನ ಕೆಲಸ ಹೋಗಬಾರದು ಎಂದು ನನಗಿಂತ ಹೆಚ್ಚು ಹೆದರಿದ್ದರು. ಹಾಗೆ ಹೆದರಿಕೊಂಡೇ ದಿನಕ್ಕೊಂದು ಅಡ್ಡಿ ಹುಡುಕಿ ತರುತ್ತಿದ್ದರು. ನಾನು ಕೈಯಲ್ಲಿದ್ದ ಉಂಡೆಯನ್ನು ಬಚ್ಚಿಡಲು ನೋಡಿದೆ. ಚಾಚಿ ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

“ಒಳಗೆ ಬಂದು ನೋಡಿ ಹೇಳಿ ಸಾಮಿ. ಈ ಸಾಲು ನಂದು. ಆ ಸಾಲು ಇವಳದ್ದು.”

ಗುಮಾಸ್ತರು ಬಂದರು. ಚಾಚಿಯ ಹಪ್ಪಳಗಳು ಹುಣ್ಣಿಮೆಯ ಚಂದ್ರನ ಹಾಗಿದ್ದವು. ನನ್ನವು ಒಂದೊಂದೂ ಒಂದೊಂದು ದೇಶದ ನಕ್ಷೆ. ಅವರು ಬಗ್ಗಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ನಡುವಿನ ತೂತಿನಿಂದ ಸೂರ್ಯ ಕಂಡಿರಬೇಕು. ಮೆಲ್ಲಗೆ ಅದಿದ್ದ ಜಾಗದಲ್ಲೇ ಇಟ್ಟರು.

“ಅಡ್ಡಿಲ್ಲ,” ಅಂದರು. “ಇದನ್ನ ಕೆಲಸ ಅಂತ ಯಾರೂ ಹೇಳೋದಕ್ಕೆ ಸಾಧ್ಯ ಇಲ್ಲ.”

ಮುಯ್ಯಾಳು

ಎಲ್ಲವೂ ದಾಟಿತು ಅಂದುಕೊಳ್ಳುವ ಹೊತ್ತಿಗೆ ಅಧಿಕಾರಿ ಬಂದರು. ಕೊಪ್ಪದಲ್ಲಿ ತಪಾಸಣೆ ಇರುವ ಯಾವ ಅಧಿಕಾರಿಯೂ ಮೊದಲು ಶೃಂಗೇರಿಗೆ ಹೋಗಿ ಕೈ ಮುಗಿದೇ ಬರುವುದು. ಹಾಗಾಗಿ ಹೇಳದೆ ಕೇಳದೆ ಬರಬೇಕಾದವರ ಸುದ್ದಿ ಒಂದು ದಿನ ಮೊದಲೇ ಬಸ್ ಕಂಡಕ್ಟರರ ಮೂಲಕ ನಮಗೆ ಮುಟ್ಟಿತು. ನಾಳೆ ಬೆಳಿಗ್ಗೆ ಕ್ಲಾಸಿಗೆ ಬರುತ್ತಾರಂತೆ ಎಂದು ಗುಮಾಸ್ತರು ಸಂಜೆ ಮನೆಗೇ ಬಂದು ಹೇಳಿದರು.

ಬೇರೆ ದಿನವಾಗಿದ್ದರೆ ಹೆದರಬೇಕಾಗಿರಲಿಲ್ಲ. ಆದರೆ ಅವತ್ತು ಮಧ್ಯಾಹ್ನದಿಂದ ಆಕಾಶ ಕಪ್ಪಿಟ್ಟಿತ್ತು. ಆ ವರ್ಷ ಮಳೆ ಬೇಗ ಇಳಿಯುವ ಹಾಗಿತ್ತು. ಮಳೆಗೆ ಮೊದಲು ಇಡೀ ವರ್ಷದ ಸೌದೆ, ಕೊಟ್ಟಿಗೆಗೆ ಹಾಸುವ ತರಗೆಲೆ ಎಲ್ಲ ಸೂರಿನ ಕೆಳಗೆ ಸೇರಬೇಕು. ನೆನೆದರೆ ಆರು ತಿಂಗಳು ಒಲೆ ಉರಿಯುವುದಿಲ್ಲ. ನನ್ನ ಹುಡುಗರೆಲ್ಲ ರೈತರ ಮನೆಯವರು. ಮಧ್ಯಾಹ್ನವೇ “ನಾಳೆ ಬರೋದಕ್ಕಾಗಲ್ಲ ಮೇಡಂ” ಎಂದು ಹೇಳಿ ಊರಿನ ಬಸ್ಸು ಹತ್ತಿದ್ದರು. ಸೌದೆ ನೆನೆಯಲಿ, ನೀವು ಕ್ಲಾಸಿಗೆ ಬನ್ನಿ ಎಂದು ಹೇಗೆ ಹೇಳುವುದು? ಮರುದಿನ ಬೆಳಿಗ್ಗೆ ಅಮ್ಮ ಎದ್ದು ಮೋಡ ನೋಡಿದಳು, ನನ್ನ ಮುಖ ನೋಡಿದಳು, ಅಟ್ಟದಿಂದ ಟ್ರಂಕು ಇಳಿಸಿದಳು.

ನಾನು ಕ್ಲಾಸಿಗೆ ಹೋದದ್ದು ಖಾಲಿ ಬೆಂಚುಗಳನ್ನು ನೋಡಿ ಬರಲಿಕ್ಕೆ. ಒಳಗೆ ಕಾಲಿಟ್ಟರೆ ಬೆಂಚು ತುಂಬಿತ್ತು. ಮೊದಲ ಬೆಂಚಿನಲ್ಲಿ ಸಿರಿಮನೆಯ ಯಜಮಾನರು. ಅವರ ಪಕ್ಕ ಕಂಬಳಿ ಹೊದ್ದ ಒಬ್ಬ ಅಜ್ಜ. ಹಿಂದೆ ಸಾಲಾಗಿ ಅಪ್ಪಂದಿರು, ಚಿಕ್ಕಪ್ಪಂದಿರು. ಕಿಟಕಿಯ ಹತ್ತಿರ ಕೆರೆಕಟ್ಟೆ ಹುಡುಗನ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೊನೆಯ ಬೆಂಚಿನಲ್ಲಿ ಟೋಪಿ ಸರಿಮಾಡಿಕೊಂಡು ನಮ್ಮ ಪಾತ್ರೆ ಅಂಗಡಿ ಸಾಹೇಬರು.

“ಇದೇನಿದು?” ಅಂದೆ.

“ಮುಯ್ಯಾಳು ಮೇಡಂ,” ಅಂದರು ಸಿರಿಮನೆಯವರು.

ಆ ಸೀಮೆಯಲ್ಲಿ ಮುಯ್ಯಾಳು ಅನ್ನುವುದು ದೊಡ್ಡ ವ್ಯವಸ್ಥೆ. ಇವತ್ತು ನಿಮ್ಮ ಮನೆ ಕೆಲಸಕ್ಕೆ ನಮ್ಮ ಆಳು, ನಾಳೆ ನಮ್ಮ ಮನೆ ಕೆಲಸಕ್ಕೆ ನಿಮ್ಮ ಆಳು. ಕೂಲಿ ಇಲ್ಲ. ಬರಬೇಕಾದವನಿಗೆ ಆಗದಿದ್ದರೆ ಮನೆಯ ಇನ್ನೊಬ್ಬರು ಬಂದು ನಿಲ್ಲಬೇಕು, ಮಾತು ತಪ್ಪಬಾರದು. ಕಂಡಕ್ಟರರು ಅಧಿಕಾರಿಯ ಸುದ್ದಿಯನ್ನು ನಮಗೆ ಮಾತ್ರ ಹೇಳಿರಲಿಲ್ಲ. ಸಂಜೆಯ ಬಸ್ಸಿನಲ್ಲಿ ಅದು ಊರೂರಿಗೆ ಹೋಗಿತ್ತು. ಮೇಡಂ ಕೆಲಸ ಹೋಗುತ್ತದಂತೆ ಅನ್ನುವುದೂ ಜೊತೆಗೇ ಹೋಗಿತ್ತು.

“ಹೊರೆ ಹೊರೋದಕ್ಕೆ ಹುಡುಗರೇ ಬೇಕು,” ಎಂದು ಸಿರಿಮನೆಯವರು ವಿವರಿಸಿದರು. “ಕೂತ್ಕೊಳ್ಳೋದಕ್ಕೆ ನಾವಾದ್ರೂ ಆಗ್ತದೆ.”

“ನೀವು ಯಾರ ಬದಲು?” ಎಂದು ಸಾಹೇಬರನ್ನು ಕೇಳಿದೆ.

“ಆ ನರಸಿಂಹರಾಜಪುರದ ಹುಡುಗ ಇದಾನಲ್ಲ, ಅವರ ಮನೇಲಿ ದೊಡ್ಡವರಿಗೆ ಹುಷಾರಿಲ್ಲ ಬೇಟಿ. ಅವರದ್ದು ಮೂರು ತಲೆಮಾರಿಂದ ಪಾತ್ರೆ ನಮ್ಮಲ್ಲೇ. ಒಂದು ದಿನ ಕೂತ್ರೆ ಎಂತ ಆಗ್ತದೆ?”

ಇವರಲ್ಲಿ ಒಬ್ಬರೂ ನನ್ನ ಬಳಗದವರಲ್ಲ, ನನ್ನ ಊರಿನವರಲ್ಲ. ಆದರೂ ಹೀಗೆ ಮಾಡಬಾರದು, ಇದು ನಡೆಯುವುದಿಲ್ಲ ಎಂದು ಹೇಳಬೇಕೆನ್ನುವಷ್ಟರಲ್ಲಿ ಪ್ರಿನ್ಸಿಪಾಲರ ಜೊತೆ ಅಧಿಕಾರಿ ಒಳಗೆ ಬಂದೇಬಿಟ್ಟರು. ಸಣಕಲು ಯುವಕ, ಕೈಯಲ್ಲಿ ಛತ್ರಿ, ಹಣೆಯಲ್ಲಿ ಶೃಂಗೇರಿಯ ಕುಂಕುಮ. ಬೆಂಚುಗಳ ಮೇಲೆ ಕಣ್ಣಾಡಿಸಿದರು. ಹನ್ನೆರಡರ ತನಕ ಎಣಿಸಿದ ತುಟಿ ಅಲ್ಲೇ ನಿಂತಿತು. ಪ್ರಿನ್ಸಿಪಾಲರು ಹೆಂಚು ನೋಡತೊಡಗಿದರು.

ಅಧಿಕಾರಿ ಕಂಬಳಿಯ ಅಜ್ಜನ ಮುಂದೆ ನಿಂತು, “ತಾವು ಯಾವ ವರ್ಷ ಫೇಲಾಗಿದ್ದು?” ಎಂದು ಕೇಳಿದರು.

“ನಾನಾ? ನಾನು ಪರೀಕ್ಷೆಗೆ ಕೂತವನೇ ಅಲ್ಲ. ಫೇಲಾಗಿದ್ದು ಮೊಮ್ಮಗ. ನಾನು ಮುಯ್ಯಾಳು.”

ಹಿಂದಿನವರಲ್ಲಿ ಯಾರಾದರೂ ಒಂದು ಸಣ್ಣ ಸುಳ್ಳು ಹೇಳಬಹುದು ಎಂದು ನನಗೆ ಆಸೆಯಿತ್ತು. ಈಗ ಹೇಳಿದರೆ ನಾಚಿಕೆಯಾಗುತ್ತದೆ, ಆಗ ಇತ್ತು. ಒಬ್ಬರೂ ಹೇಳಲಿಲ್ಲ. ಮುಯ್ಯಾಳು ಬಂದದ್ದು ಅವರಿಗೆ ಮುಚ್ಚಿಡುವ ವಿಷಯವೇ ಅಲ್ಲ. ಒಬ್ಬೊಬ್ಬರಾಗಿ ಎದ್ದು, ನಾನು ಮಗನ ಬದಲು, ನಾನು ಅಣ್ಣನ ಮಗನ ಬದಲು, ಎಂದು ಹೆಮ್ಮೆಯಿಂದ ಹೇಳಿದರು. ಅಜ್ಜಿ ಕೂತಲ್ಲಿಂದಲೇ ಕೈ ಎತ್ತಿದರು, ಬಾಯಲ್ಲಿ ಎಲೆಯಡಿಕೆ ಇತ್ತು. ಸಿರಿಮನೆಯವರು ಎದ್ದು, “ನಾನು ಮಾತ್ರ ನಿಜವಾಗಿ ಫೇಲಾದವನು,” ಅಂದರು.

ಅಧಿಕಾರಿಯ ಮುಖ ಪೆಚ್ಚಾಯಿತು. “ಇದು ಹೇಗೆ ಸಾಧ್ಯ? ಒಬ್ಬರು ಬರಬೇಕಾದಲ್ಲಿ ಇನ್ನೊಬ್ಬರು ಬಂದು ಕೂರೋದು ಯಾವ ನಿಯಮದಲ್ಲೂ ಇಲ್ಲ. ಲೆಕ್ಕಕ್ಕೆ ಒಬ್ಬರೇ ಆಗ್ತಾರೆ. ನಾನು ಕ್ಲಾಸು ಮುಚ್ಚಿಸಬೇಕಾಗ್ತದೆ.”

ನನ್ನ ಕಣ್ಣ ಮುಂದೆ ಅಮ್ಮನ ಟ್ರಂಕು.

ಸಿರಿಮನೆಯವರು ಕೂತಿರಲಿಲ್ಲ. ಬಹಳ ವಿನಯದಿಂದ ಕೇಳಿದರು, “ಸ್ವಾಮಿ, ಇದನ್ನೆಲ್ಲ ನೋಡೋ ದೊಡ್ಡ ಆಫೀಸರು ತಾವೇಯಾ?” ಅವರಾಗಿ ಒಬ್ಬ ಅತಿಥಿಯನ್ನು ಪ್ರಶ್ನೆ ಕೇಳಿದ್ದನ್ನು ನಾನು ಕಂಡದ್ದು ಆ ಒಂದೇ ಸಲ.

ಅಧಿಕಾರಿ ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. “ನಾನಲ್ಲ. ಅವರ ಮನೇಲಿ ಏನೋ ಕಾರ್ಯ ಇತ್ತು. ಅದಕ್ಕೆ ಅವರ ಬದಲಿಗೆ ನನ್ನನ್ನ ಕಳಿಸಿದ್ದಾರೆ. ನಾನಿನ್ನೂ ತಾತ್ಕಾಲಿಕ.”

“ಓಹೋ,” ಅಂದರು ಸಿರಿಮನೆಯವರು. “ಹಂಗಾದ್ರೆ ತಾವೂ ಮುಯ್ಯಾಳೇ. ನಿಂತೇ ಇದೀರಲ್ಲ ಮಾರಾಯ್ರೆ. ಅಜ್ಜಾ, ಸ್ವಲ್ಪ ಆಚೆ ಸರೀರಿ, ಜಾಗ ಆಗಲಿ.”

ಅಜ್ಜ ಸರಿದು ಕಂಬಳಿಯ ತುದಿಯಿಂದ ಬೆಂಚು ಒರೆಸಿದರು. ಮೊದಲು ನಕ್ಕವರು ಪ್ರಿನ್ಸಿಪಾಲರು, ಹೆಂಚು ನೋಡುತ್ತಲೇ. ಆಮೇಲೆ ಸಾಹೇಬರು. ಆ ಅಧಿಕಾರಿ ತಡೆದು ತಡೆದು ಕೊನೆಗೆ ತಾವೂ ನಕ್ಕರು, ನಕ್ಕು ಬೆಂಚಿನ ಮೇಲೆ ಕೂತೇಬಿಟ್ಟರು. ನಾನು ಏನು ಮಾಡುವುದೆಂದು ತಿಳಿಯದೆ ಪುಸ್ತಕ ತೆರೆದು, ಅವತ್ತಿನ ಪಾಠದ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ನನ್ನ ಕ್ಲಾಸಿನಲ್ಲಿ ಅಷ್ಟು ಗಮನವಿಟ್ಟು ಕೇಳಿದವರು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ಪಾಠ ಮುಗಿದ ಮೇಲೆ ಅಧಿಕಾರಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು, “ನಾನು ಇವತ್ತು ಹೋಗೋದಿಲ್ಲ. ನಾಳೆ ಬೆಳಿಗ್ಗೆ ನಿಜವಾದವರನ್ನು ನೋಡಿ ಹೋಗ್ತೇನೆ. ಕಂಡದ್ದನ್ನು ಹೇಳ್ತೇನೆ. ಮೇಲಿನವರು ಏನು ಮಾಡ್ತಾರೋ ನನ್ನ ಕೈಲಿಲ್ಲ.”

ಸಂಜೆಯ ಹೊತ್ತಿಗೆ ಎಲ್ಲರ ಮನೆಯ ಸೌದೆಯೂ ಒಳಗೆ ಸೇರಿತ್ತು. ಮರುದಿನ ಮಳೆಯಲ್ಲಿ ನೆನೆದುಕೊಂಡು, ಕೈತುಂಬ ತರಚು ಗಾಯ ಮಾಡಿಕೊಂಡು ಹುಡುಗರೆಲ್ಲ ಬಂದರು. ಅಧಿಕಾರಿ ಎಣಿಸಿದರು, ಹನ್ನೆರಡೂ ಸರಿಯಿತ್ತು. ಅವರು ಬಸ್ಸು ಹತ್ತಿ ಕೂತಾಗ ಸಿರಿಮನೆಯವರು ಕಿಟಕಿಯ ಹತ್ತಿರ ಹೋಗಿ, “ಹುಡುಗರು ನಿಮಗೋಸ್ಕರ ಈ ಮಳೇಲಿ ಬಂದ್ರು. ಗದ್ದೆ ನಟ್ಟಿಗೆ ನಿಮ್ಮದು ಒಂದಾಳು ಬಾಕಿ ಉಂಟು ಸಾರ್, ಮರೀಬೇಡಿ,” ಅಂದರು. ನನ್ನ ಕಡೆ ತಿರುಗಿ, “ನಿಮ್ಮದೂ,” ಅಂದರು. ಅಧಿಕಾರಿ ನಗುತ್ತಾ ತಲೆಯಾಡಿಸಿದರು. ನಾನು ನಗಲಿಲ್ಲ. ಇಷ್ಟು ಜನರ ಋಣ ಹೊತ್ತವಳು ನಾನು.

ಜುಲೈ ಬಂತು. ಕಾಲೇಜು ತೆರೆಯುವ ಹೊತ್ತು ಹತ್ತಿರವಾದರೂ ವಿಶ್ವವಿದ್ಯಾಲಯದಿಂದ ನನ್ನ ಬಗ್ಗೆ ಉಸಿರಿಲ್ಲ. ಅಮ್ಮ ಟ್ರಂಕನ್ನು ಅಟ್ಟಕ್ಕೆ ಏರಿಸಿಯೂ ಇರಲಿಲ್ಲ, ಅದರಲ್ಲಿ ಬಟ್ಟೆ ತುಂಬಿಯೂ ಇರಲಿಲ್ಲ. ಅಷ್ಟರಲ್ಲಿ ಸಿರಿಮನೆಯಲ್ಲಿ ನಟ್ಟಿ ಶುರುವಾಯಿತು ಎಂದು ಹೇಳಿಕಳಿಸಿದರು. ಕೆಲಸ ಇರಲಿ ಬಿಡಲಿ, ಮುಯ್ಯಿ ತೀರಿಸದೆ ಆ ಊರು ಬಿಡಲು ನನಗೆ ಮನಸ್ಸಿರಲಿಲ್ಲ. ಮಳೆ ತಡೆಯಲು ಬೆನ್ನಿಗೆ ಎಲೆಯ ಗೊರಬು ಹೊದ್ದು, ಸೀರೆ ಎತ್ತಿ ಕಟ್ಟಿ, ಹೆಂಗಸರ ಸಾಲಿನಲ್ಲಿ ನಿಂತೆ. ಮಳೆ ಹೊಯ್ಯುತ್ತಿತ್ತು. ಅವರು ಹಾಡುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದರು, ನಾನು ಪ್ರತಿ ಹೆಜ್ಜೆಗೂ ಕಾಲು ಹುಡುಕಿಕೊಳ್ಳುತ್ತಿದ್ದೆ.

ಮಧ್ಯಾಹ್ನದ ಹತ್ತಿರ ಬದುವಿನ ಮೇಲೆ ಒಬ್ಬ ಅಪರಿಚಿತ ಬರುವುದು ಕಂಡಿತು. ಪ್ಯಾಂಟು ಮೊಣಕಾಲಿಗೆ ಮಡಚಿ, ಬೂಟು ಕೈಯಲ್ಲಿ ಹಿಡಿದು, ಗಾಳಿಗೆ ಉಲ್ಟಾ ಆದ ಛತ್ರಿಯ ಜೊತೆ ಗುದ್ದಾಡುತ್ತಾ ಬಂದ.

“ಇಲ್ಲಿ ಸಿರಿಮನೆ ಯಜಮಾನರು ಅಂದ್ರೆ?”

“ನಾನೇ.”

“ಬೇಸಿಗೆ ಕ್ಲಾಸು ನೋಡಲಿಕ್ಕೆ ಬಂದಿದ್ದರಲ್ಲ, ಆ ಅಧಿಕಾರಿ, ಅವರು ನಮ್ಮ ಭಾವ. ಅವರಿಗೆ ರಜೆ ಸಿಗಲಿಲ್ಲ. ಯಾವುದೋ ಒಂದಾಳು ಬಾಕಿ ಇದೆಯಂತೆ. ತನ್ನ ಬದಲು ಹೋಗಿ ಬಾ ಅಂತ ನನ್ನನ್ನ ಕಳಿಸಿದ್ದಾರೆ.”

ಇಡೀ ಗದ್ದೆ ನಗತೊಡಗಿತು. ಹಾಡುತ್ತಿದ್ದ ಹೆಂಗಸರು ಹಾಡು ಬಿಟ್ಟು ಸಸಿಯ ಕಟ್ಟಿನಿಂದ ಮುಖ ಮುಚ್ಚಿಕೊಂಡರು. ಸಿರಿಮನೆಯವರು ಮಾತ್ರ ನಗದೆ, ಸರಿಯಾದ ಮನುಷ್ಯರ ಮನೆಯಲ್ಲಿ ನಡೆಯಬೇಕಾದದ್ದೇ ನಡೆದಿದೆ ಅನ್ನುವ ಹಾಗೆ ಅವನ ಕೈಯಿಂದ ಬೂಟು ತೆಗೆದುಕೊಂಡು ಬದುವಿನ ಮೇಲೆ ಇಟ್ಟರು, ಸಸಿ ಹೊರುವ ಬುಟ್ಟಿ ತೋರಿಸಿದರು.

ಅವನು ಕೆಸರಿಗೆ ಒಂದು ಕಾಲು ಇಟ್ಟು ನಿಂತ. “ಇನ್ನೊಂದು ಹೇಳಿದ್ದಾರೆ. ಇಂಗ್ಲಿಷ್ ಮೇಡಂ ಯಾರಾದ್ರೂ ಇಲ್ಲಿ ಸಿಗಬಹುದು ಅಂದ್ರು.”

ನಾನು ಕೆಸರಿನ ಕೈ ಎತ್ತಿದೆ.

“ನಿಮ್ಮ ಸೇವೆ ಮುರಿದಿಲ್ಲ ಅಂತ ತೀರ್ಮಾನ ಆಯ್ತಂತೆ. ಖಾಯಂ ಆಗ್ತದಂತೆ. ಆರ್ಡರು ಟಪಾಲಿಗೆ ಹಾಕಿದ್ದಾರೆ, ಅದಕ್ಕೆ ಮೊದಲೇ ಹೇಳು ಅಂದ್ರು.”

ಅವನು ಹೇಳಿದ್ದು ಒಂದೇ ಸಲಕ್ಕೆ ಒಳಗೆ ಇಳಿಯಲಿಲ್ಲ. ಇಳಿದಾಗ ಮೊಣಕಾಲಿನ ತನಕ ಕೆಸರಿನಲ್ಲಿ ನಿಂತು ಅತ್ತೆ. ಅಮ್ಮ ನೆನಪಾದಳು. ಬೆಂಚು ಒರೆಸಿದ ಅಜ್ಜ, ಎಲೆಯಡಿಕೆಯ ಅಜ್ಜಿ, ಪಾತ್ರೆ ಅಂಗಡಿ ಮುಚ್ಚಿ ಬಂದು ಕೂತ ಸಾಹೇಬರು, ಎಲ್ಲರೂ ನೆನಪಾದರು. ಇವರಿಗೆಲ್ಲ ಎಷ್ಟು ಗದ್ದೆ ನೆಟ್ಟರೂ ತೀರುವಂಥದ್ದಲ್ಲ ಅನ್ನಿಸಿತು. ಪಕ್ಕದ ಹೆಂಗಸು ತನ್ನ ಸೆರಗಿನಿಂದ ನನ್ನ ಕಣ್ಣು ಒರೆಸಲು ಬಂದಳು.

ಸಿರಿಮನೆಯವರು ಬದುವಿನಿಂದ ಕೂಗಿ ಹೇಳಿದರು, “ಅಳೋದಾದ್ರೆ ಈಚೆ ಬಂದು ಅಳಿ ಮೇಡಂ. ಅಲ್ಲಿ ಸಾಲು ಸೊಟ್ಟ ಆಗ್ತಾ ಉಂಟು.”